ಒಂದೇ ಒಂದು ಹಾಳೆ

ಬ್ಯಾಂಕಿನ ಕ್ಯಾಷಿಯರ್ ಮೇಜಿನ ಮೇಲೆ ಒಂದು ಪುಟ್ಟ ಪ್ಲಾಸ್ಟಿಕ್ ಬಟ್ಟಲು, ಅದರೊಳಗೆ ಒದ್ದೆ ಸ್ಪಂಜು ಇರುತ್ತಿತ್ತು, ನೆನಪಿದೆಯಲ್ಲ? ನೋಟು ಎಣಿಸುವ ಮೊದಲು ಅವರು ಬೆರಳನ್ನು ಅದಕ್ಕೊಮ್ಮೆ ಒತ್ತುತ್ತಿದ್ದರು. ಕಿರಾಣಿ ಅಂಗಡಿಯವರಿಗೆ ಸ್ಪಂಜೂ ಬೇಕಿರಲಿಲ್ಲ, ನಾಲಿಗೆಯೇ ಸಾಕಾಗಿತ್ತು. ಪಂಚಾಂಗದ ಪುಟ ತಿರುವುವ ಅಜ್ಜಂದಿರದೂ ಅದೇ ಅಭ್ಯಾಸ. ‘ಎಂಜಲು ಹಚ್ಚಬೇಡಿ’ ಎಂದು ಮನೆಯವರು ಎಷ್ಟು ಬೈದರೂ ಅವರು ಬಿಟ್ಟವರಲ್ಲ. ಒಣ ಬೆರಳಿಗೆ ಒಂದರ ಬದಲು ಎರಡು ಹಾಳೆ ಬರುತ್ತವೆ, ಇಲ್ಲವೇ ಒಂದೂ ಬರುವುದಿಲ್ಲ ಎಂಬುದು ಅವರ ಬೆರಳಿಗೆ ಗೊತ್ತಿತ್ತು.

ಈ ಸಲದ ಅಂಕಣ ಆ ಒದ್ದೆ ಬೆರಳಿನ ಬಗ್ಗೆ. ಬೆರಳೇ ಇಲ್ಲದ ಯಂತ್ರವೊಂದು ಕಾಗದದ ರಾಶಿಯಿಂದ ಒಂದೇ ಒಂದನ್ನು ಎತ್ತಿಕೊಳ್ಳುವುದು ಹೇಗೆ? ಆಫೀಸಿನ ಪ್ರಿಂಟರ್ ದಿನವೂ ಇದನ್ನು ಮಾಡುತ್ತದೆ, ಎಟಿಎಂ ಮಾಡುತ್ತದೆ. ಆದರೆ ಪ್ರಿಂಟರಿಗೆ ಹಾಕುವ ಹಾಳೆಗಳು ಒಂದೇ ಕಾರ್ಖಾನೆಯಿಂದ ಬಂದ ಒಡಹುಟ್ಟಿದವು; ಉದ್ದ, ಅಗಲ, ದಪ್ಪ, ನುಣುಪು ಎಲ್ಲ ಒಂದೇ. ಎಟಿಎಂಗೂ ತನ್ನ ನೋಟುಗಳ ಅಳತೆ ಗೊತ್ತು. ಈ ಕೆಲಸದ ನಿಜವಾದ ಪರೀಕ್ಷೆ ನಡೆಯುವುದು ಅಂಚೆ ವಿಂಗಡಿಸುವ ಯಂತ್ರದಲ್ಲಿ. ಅದಕ್ಕೆ ಬರುವುದು ಊರೆಲ್ಲ ಸೇರಿ ಪೆಟ್ಟಿಗೆಗೆ ಹಾಕಿದ್ದು: ತೆಳ್ಳನೆಯ ನೀಲಿ ಇನ್‌ಲ್ಯಾಂಡ್ ಪತ್ರ, ಗಟ್ಟಿ ರಟ್ಟಿನ ಲಗ್ನಪತ್ರಿಕೆ, ಪಾರದರ್ಶಕ ಕಿಟಕಿಯ ವಿಮಾ ಕಂಪನಿ ಕವರು, ಅಂಟು ಸರಿಯಾಗಿ ಹಿಡಿಯದೆ ಬಾಯಿ ತೆರೆದುಕೊಂಡ ಲಕೋಟೆ, ಸ್ಟೇಪಲ್ ಹೊಡೆದ ಬುಕ್‌ಪೋಸ್ಟ್. ಇವೆಲ್ಲವನ್ನೂ ಒಂದೊಂದಾಗಿ, ಹರಿಯದೆ, ಮಡಚದೆ, ಎರಡು ಅಂಟಿಕೊಂಡು ಹೋಗದಂತೆ ಎತ್ತಬೇಕು.

ನಮ್ಮ ದೇಶದ ಮೊದಲ ಸ್ವಯಂಚಾಲಿತ ಅಂಚೆ ವಿಂಗಡಣಾ ಕೇಂದ್ರ ಶುರುವಾದದ್ದು ನಾವು ಅನ್ನ ಹುಡುಕಿಕೊಂಡು ಬಂದ ಇದೇ ಮುಂಬಯಿಯಲ್ಲಿ, 1993ರಲ್ಲಿ. 1996ರಲ್ಲಿ ಚೆನ್ನೈಯಲ್ಲಿ ಎರಡನೆಯದು ಬಂತು. ಆಮೇಲೆ ದೆಹಲಿ ಮತ್ತು ಕೋಲ್ಕತ್ತಕ್ಕೂ ಬಂದವು. ಈ ಪತ್ರಿಕೆ ಓದುವವರಲ್ಲಿ ಬಹುಪಾಲು ಜನರ ಊರಿನ ಪತ್ರಗಳು ಯಾವಾಗಲಾದರೂ ಒಮ್ಮೆ ಇಂಥ ಯಂತ್ರದ ಹೊಟ್ಟೆ ಹೊಕ್ಕು ಬಂದಿರಬಹುದು.

ಜರಡಿ, ಆಮೇಲೆ ಮುಖ

ಚೀಲ ಸುರಿದ ಮೇಲೆ ಮೊದಲ ಕೆಲಸ ಜರಡಿ ಹಿಡಿಯುವುದು. ತಿರುಗುವ ದೊಡ್ಡ ಪೀಪಾಯಿಯಂಥ ಡ್ರಮ್ಮಿನ ಮೈಯಲ್ಲಿ ಕಿರಿದಾದ ಸಂದಿಗಳಿರುತ್ತವೆ. ತೆಳ್ಳಗಿನ ಪತ್ರಗಳು ಸಂದಿಯಿಂದ ಜಾರಿ ಕೆಳಗಿಳಿಯುತ್ತವೆ, ದಪ್ಪನೆಯವು ಒಳಗೇ ಉಳಿದು ಬೇರೆ ದಾರಿ ಹಿಡಿಯುತ್ತವೆ. ಅಕ್ಕಿ ಕೇರಿದ ಹಾಗೆ.

ಎರಡನೆಯದು ಮುಖ ಹೊಂದಿಸುವ ಕೆಲಸ. ರಾಶಿಯಲ್ಲಿ ಕೆಲವು ಪತ್ರ ಮಗುಚಿಕೊಂಡಿರುತ್ತವೆ, ಕೆಲವು ತಲೆಕೆಳಗಾಗಿರುತ್ತವೆ. ಒಂದು ಲಕೋಟೆ ಅಂಚಿನ ಮೇಲೆ ನಿಂತರೆ ನಾಲ್ಕು ರೀತಿಯಲ್ಲಿ ನಿಲ್ಲಬಹುದು. ಅಂಚೆಚೀಟಿ ಎಲ್ಲಿದೆ ಎಂದು ಗೊತ್ತಾದರೆ ಸಾಕು, ಪತ್ರದ ಮುಖ ಯಾವ ಕಡೆ ಎಂದು ಗೊತ್ತಾಗುತ್ತದೆ. ಯಂತ್ರಕ್ಕೆ ಅಂಚೆಚೀಟಿ ಕಾಣಿಸುವುದು ಹೇಗೆ? ಬ್ರಿಟನ್ ಅಂಚೆಯವರು 1957ರಲ್ಲಿ ಸೌತಾಂಪ್ಟನ್ನಿನಲ್ಲಿ ಮಾಡಿದ ಪ್ರಯೋಗ ಸೊಗಸಾಗಿದೆ. ಚೀಟಿಯ ಹಿಂಭಾಗದಲ್ಲಿ ಗ್ರಾಫೈಟ್‌ನ ಕಪ್ಪು ಗೆರೆ ಮುದ್ರಿಸಿದರು. ಗ್ರಾಫೈಟ್ ವಿದ್ಯುತ್ ಹರಿಸುತ್ತದೆ, ಹಾಗಾಗಿ ಯಂತ್ರ ಕಣ್ಣಿಲ್ಲದೆಯೇ ಮುಟ್ಟಿ ತಿಳಿದುಕೊಳ್ಳುತ್ತಿತ್ತು. ಒಂದೆರಡು ವರ್ಷದಲ್ಲೇ ಗ್ರಾಫೈಟ್‌ನ ಜಾಗಕ್ಕೆ, ನೇರಳಾತೀತ ಬೆಳಕು ಬಿದ್ದರೆ ಮಿನುಗುವ ಫಾಸ್ಫರ್ ಗೆರೆಗಳು ಬಂದವು. ಆ ಗ್ರಾಫೈಟ್ ಗೆರೆಯ ಚೀಟಿಗಳನ್ನು ಈಗ ಅಂಚೆಚೀಟಿ ಸಂಗ್ರಹಿಸುವವರು ಹುಡುಕಿಕೊಂಡು ಹೋಗುತ್ತಾರೆ.

ಮೂರು ಹಿಡಿತಗಳ ಲೆಕ್ಕ

ಈಗ ಅಸಲು ವಿಷಯ. ಪತ್ರಗಳು ಲೈಬ್ರರಿಯ ಪುಸ್ತಕಗಳ ಹಾಗೆ ಅಂಚಿನ ಮೇಲೆ ಸಾಲಾಗಿ ನಿಂತಿವೆ. ಹಿಂದಿನಿಂದ ಒಂದು ಪಟ್ಟಿ ಅವನ್ನು ಮೆಲ್ಲಗೆ ಮುಂದೆ ನೂಕುತ್ತಿದೆ. ಮುಂದಿನ ಪತ್ರವೊಂದನ್ನೇ ಪಕ್ಕಕ್ಕೆ ಎಳೆದುಕೊಳ್ಳಬೇಕು.

ಸಾಮಾನ್ಯವಾದ ಉಪಾಯ ರಬ್ಬರ್ ರೋಲರ್. ರೋಲರ್ ತಿರುಗಿದರೆ ಮೊದಲ ಪತ್ರ ಹೊರಡುತ್ತದೆ. ಆದರೆ ಅದರ ಬೆನ್ನಿಗೆ ಅಂಟಿಕೊಂಡ ಎರಡನೆಯದೂ ಹೊರಡುತ್ತದೆ, ಬಸ್ಸು ಹತ್ತುವ ಅಣ್ಣನ ಅಂಗಿ ಹಿಡಿದ ತಮ್ಮನ ಹಾಗೆ. ಆ ತಮ್ಮನನ್ನು ತಡೆಯಲು ರೋಲರಿನ ಎದುರಿಗೆ ಒಂದು ತಡೆಪಟ್ಟಿ ಇಡುತ್ತಾರೆ. ಕೆಲವು ಯಂತ್ರಗಳಲ್ಲಿ ಅದು ಹಿಮ್ಮುಖವಾಗಿ ತಿರುಗುವ ಇನ್ನೊಂದು ರೋಲರ್.

ಇಲ್ಲಿ ಮೂರು ಹಿಡಿತಗಳಿವೆ. ರೋಲರಿಗೂ ಪತ್ರಕ್ಕೂ ಇರುವ ಹಿಡಿತ ಎಲ್ಲಕ್ಕಿಂತ ಹೆಚ್ಚಿರಬೇಕು. ತಡೆಪಟ್ಟಿಗೂ ಪತ್ರಕ್ಕೂ ಇರುವುದು ನಡುವಿನದು. ಪತ್ರಕ್ಕೂ ಪತ್ರಕ್ಕೂ ಇರುವುದು ಎಲ್ಲಕ್ಕಿಂತ ಕಡಿಮೆ. ಈ ಕ್ರಮ ಇದ್ದರೆ ಉಳಿದದ್ದು ತಾನಾಗಿ ಆಗುತ್ತದೆ. ಒಂದೇ ಪತ್ರ ಬಂದರೆ ರೋಲರ್ ತಡೆಪಟ್ಟಿಯನ್ನು ಸೋಲಿಸಿ ಪತ್ರವನ್ನು ಎಳೆದುಕೊಂಡು ಹೋಗುತ್ತದೆ. ಎರಡು ಬಂದರೆ ರೋಲರ್ ಮೊದಲನೆಯದನ್ನು ಎಳೆಯುತ್ತದೆ, ತಡೆಪಟ್ಟಿ ಎರಡನೆಯದನ್ನು ಹಿಡಿದು ನಿಲ್ಲಿಸುತ್ತದೆ, ನಡುವೆ ಜಾರುವುದು ಕಾಗದದ ಮೇಲೆ ಕಾಗದ. ಒಂದು ಬಂತೋ ಎರಡು ಬಂತೋ ಎಂದು ಯಾರೂ ಎಣಿಸಲಿಲ್ಲ, ಯಾವ ತಂತ್ರಾಂಶವೂ ತೀರ್ಮಾನಿಸಲಿಲ್ಲ. ಘರ್ಷಣೆಯೇ ತೀರ್ಮಾನಿಸಿತು. ಇಪ್ಪತ್ತನೇ ಶತಮಾನದ ಅತಿ ಚೆಲುವಾದ ಯೋಚನೆಗಳಲ್ಲಿ ಇದೂ ಒಂದು ಎಂದು ನನಗನ್ನಿಸುತ್ತದೆ. ನಿಮ್ಮ ಆಫೀಸಿನ ಪ್ರಿಂಟರ್, ಸ್ಕ್ಯಾನರ್‌ಗಳಲ್ಲೂ ಇದೇ ಕೂತಿದೆ.

ತೊಂದರೆ ಏನೆಂದರೆ, ಈ ಮೂರರ ಕ್ರಮ ಶಾಶ್ವತವಲ್ಲ. ಕಾಗದದಿಂದ ಸದಾ ನವಿರಾದ ದೂಳು ಉದುರುತ್ತದೆ. ಅದು ರಬ್ಬರಿನ ಮೇಲೆ ಕೂತರೆ ರಬ್ಬರ್ ನುಣುಪಾಗಿ ಹಿಡಿತ ಕಳೆದುಕೊಳ್ಳುತ್ತದೆ. ಆಗ ರೋಲರ್ ತಿರುಗುತ್ತಲೇ ಇರುತ್ತದೆ, ಹಾಳೆ ಅಲ್ಲಾಡುವುದಿಲ್ಲ. ಮಳೆಗಾಲದಲ್ಲಿ ಇನ್ನೊಂದು ಕಾಟ. ಕಾಗದ ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ, ಒಂದಕ್ಕೊಂದು ಮೆತ್ತಿಕೊಳ್ಳುತ್ತದೆ. ಜುಲೈ ತಿಂಗಳ ಮುಂಬಯಿಯಲ್ಲಿ ಹಪ್ಪಳ ಮೆತ್ತಗಾಗುವ ಹಾಗೆ ಪತ್ರವೂ ಆಗುತ್ತದೆ. ತೀರಾ ಒಣಹವೆ ಇದ್ದರೆ ಸ್ಥಿರವಿದ್ಯುತ್ತು ಹುಟ್ಟಿ ಹಾಳೆಗಳು ಬೇರೆ ರೀತಿಯಲ್ಲಿ ಅಂಟಿಕೊಳ್ಳುತ್ತವೆ.

ಹಾಗಾಗಿ ವೇಗದ ಅಂಚೆ ಯಂತ್ರಗಳು ಘರ್ಷಣೆಯನ್ನಷ್ಟೇ ನಂಬುವುದಿಲ್ಲ, ಗಾಳಿಯನ್ನೂ ಬಳಸುತ್ತವೆ. ತೂತುಗಳಿರುವ ಬೆಲ್ಟಿನ ಹಿಂದೆ ಗಾಳಿ ಹೀರುವ ಪೆಟ್ಟಿಗೆ ಇರುತ್ತದೆ. ಅದು ಮುಂದಿನ ಪತ್ರವನ್ನು ಬೆಲ್ಟಿಗೆ ಎಳೆದು ಅಂಟಿಸಿಕೊಳ್ಳುತ್ತದೆ. ಇನ್ನೊಂದು ಬದಿಯಿಂದ ಗಾಳಿ ಊದಿ ಪತ್ರಗಳ ನಡುವೆ ಸಂದಿ ಮಾಡುವುದೂ ಉಂಟು. ಝೆರಾಕ್ಸ್ ಅಂಗಡಿಯ ಹುಡುಗ ಹೊಸ ರೀಮ್ ಒಡೆದು, ಯಂತ್ರಕ್ಕೆ ಹಾಕುವ ಮೊದಲು ಹಾಳೆಗಳ ಅಂಚನ್ನು ಬೆರಳಲ್ಲಿ ಫರ್‍ರನೆ ಬೀಸುತ್ತಾನಲ್ಲ, ಅದೂ ಇದೇ.

ನಾನು ಕೆಲಸ ಮಾಡುವುದು ಬ್ಯಾಂಕುಗಳ ಅರ್ಜಿಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಇಳಿಸುವ ತಂತ್ರಾಂಶದಲ್ಲಿ. ನಮ್ಮ ಸ್ಕ್ಯಾನಿಂಗ್ ಕೋಣೆಯಲ್ಲಿ ಒಬ್ಬ ಹಿರಿಯರಿದ್ದಾರೆ, ಮರಾಠಿಯವರು, ನಾವೆಲ್ಲ ‘ಕಾಕಾ’ ಅನ್ನುತ್ತೇವೆ. ಕಟ್ಟು ಬಿಚ್ಚಿ, ಗುಂಡುಪಿನ್ನು ತೆಗೆದು, ಮಡಚಿದ ಮೂಲೆ ನೆಟ್ಟಗೆ ಮಾಡಿ, ಬೀಸಿ, ಮೇಜಿಗೆ ಎರಡು ಸಲ ಕುಟ್ಟಿ ಅಂಚು ಸಮ ಮಾಡಿ ಯಂತ್ರಕ್ಕೆ ಇಡುತ್ತಾರೆ. ಹೊಸದಾಗಿ ಸೇರಿದ ಹುಡುಗರು ಅವಸರ ಮಾಡಿದರೆ ಅವರದು ಒಂದೇ ಮಾತು: “ಕಾಗದಾಲಾ ಶ್ವಾಸ ಘೇಊ ದೇ.” ಕಾಗದಕ್ಕೆ ಉಸಿರಾಡಲು ಬಿಡು. ಗಾಳಿ ಊದುವ ಅಂಚೆ ಯಂತ್ರ ಕಟ್ಟಿದ ಎಂಜಿನಿಯರುಗಳೂ ಇದನ್ನೇ ಹೇಳುತ್ತಿದ್ದಾರೆ, ಇನ್ನಷ್ಟು ಉದ್ದವಾಗಿ.

ಒಂದು ಸೆಕೆಂಡಿಗೆ ಹತ್ತು

ವೇಗದ ಲೆಕ್ಕ ಒಮ್ಮೆ ಮಾಡೋಣ. ಗಂಟೆಗೆ 36,000 ಪತ್ರ ಎಂದರೆ ಸೆಕೆಂಡಿಗೆ 10. ಸಾಮಾನ್ಯ ಉದ್ದನೆಯ ಲಕೋಟೆ 220 ಮಿಲಿಮೀಟರ್ ಇರುತ್ತದೆ. ಎರಡು ಪತ್ರಗಳ ನಡುವೆ ಒಂದು ಗೇಣಿಗಿಂತ ಕಡಿಮೆ ಅಂತರ ಬಿಟ್ಟರೂ ಬೆಲ್ಟು ಸೆಕೆಂಡಿಗೆ ಮೂರೂವರೆ ಮೀಟರಿನಷ್ಟು ಓಡಬೇಕು. ಅದು ಆರಾಮಾಗಿ ಸೈಕಲ್ ತುಳಿಯುವ ವೇಗ. ಪ್ರತಿ ಪತ್ರ ತನ್ನ ಗೂಡು ಬಂದಾಗ ಒಂದು ಪುಟ್ಟ ಬಾಗಿಲು ಪಕ್ಕಕ್ಕೆ ತಿರುಗಿ ಅದನ್ನು ಒಳಗೆ ತಳ್ಳಬೇಕು. ಆ ಬಾಗಿಲು ತಿರುಗಲು ಸಿಗುವುದು ಎರಡು ಪತ್ರಗಳ ನಡುವಿನ ಅಂತರದಷ್ಟೇ ಸಮಯ. 100 ಮಿಲಿಮೀಟರ್ ಅಂತರವಿದ್ದರೆ ಅದು ಸೆಕೆಂಡಿನ ಮೂವತ್ತನೇ ಒಂದು ಭಾಗಕ್ಕೂ ಕಡಿಮೆ.

ಈ ಓಟದಲ್ಲಿ ಒಂದು ಪತ್ರದ ಮೂಲೆ ಎಲ್ಲೋ ಸಿಕ್ಕಿಕೊಂಡಿತು ಅಂದುಕೊಳ್ಳಿ. ಸೆನ್ಸರ್ ಗಮನಿಸಿ ಬೆಲ್ಟು ನಿಲ್ಲಿಸಲು ಅರ್ಧ ಸೆಕೆಂಡು ಹಿಡಿದರೂ ಹಿಂದಿನಿಂದ ಐದು ಪತ್ರ ಬಂದು ಅದಕ್ಕೆ ಗುದ್ದಿರುತ್ತವೆ. ಜಾಮ್ ಆದಾಗ ಹರಿಯುವ ಪತ್ರಗಳು ಬಹಳ ಸಲ ತಪ್ಪು ಮಾಡಿದ ಪತ್ರಗಳಲ್ಲ, ಹಿಂದೆ ಇದ್ದವು.

ಜಾಮ್ ಆದರೆ ಕೊನೆಗೂ ಕಣ್ಣಿಗೆ ಬೀಳುತ್ತದೆ. ಯಂತ್ರ ನಿಲ್ಲುತ್ತದೆ, ಕೆಂಪು ದೀಪ ಹತ್ತುತ್ತದೆ, ಯಾರೋ ಬಂದು ಬಿಡಿಸುತ್ತಾರೆ. ನಿಜವಾಗಿ ಭಯಪಡಬೇಕಾದದ್ದು ಎರಡು ಪತ್ರ ಅಂಟಿಕೊಂಡು ಒಂದಾಗಿ ಹೋಗುವುದಕ್ಕೆ. ಮೇಲಿನ ಪತ್ರದ ವಿಳಾಸ ಓದಿ ಯಂತ್ರ ಎರಡನ್ನೂ ಒಂದೇ ಗೂಡಿಗೆ ಕಳಿಸುತ್ತದೆ. ಧಾರವಾಡಕ್ಕೆ ಹೋಗಬೇಕಾದ ಪತ್ರ ಇನ್ನೊಂದರ ಬೆನ್ನು ಹತ್ತಿ ಕಾನ್ಪುರಕ್ಕೆ ಹೋಗುತ್ತದೆ. ಯಾವ ದೀಪವೂ ಹತ್ತುವುದಿಲ್ಲ. ಯಂತ್ರದ ಲೆಕ್ಕದಲ್ಲಿ ಆ ಎರಡನೆಯ ಪತ್ರ ಹುಟ್ಟಲೇ ಇಲ್ಲ.

ಆ ಪತ್ರದಲ್ಲಿ ಏನಿತ್ತು? ಸಂದರ್ಶನದ ಕರೆ ಇದ್ದಿರಬಹುದು, ಕೋರ್ಟಿನ ನೋಟಿಸು ಇದ್ದಿರಬಹುದು. ಸಂದರ್ಶನದ ದಿನ ಕಳೆದ ಮೇಲೆ ಬಂದ ಕರೆಪತ್ರದ ಕತೆ ನಮ್ಮ ಊರುಗಳಲ್ಲಿ ಎಷ್ಟು ಮನೆಗಳಲ್ಲಿಲ್ಲ? ಅದಕ್ಕೇ ಯಂತ್ರ ಕಟ್ಟುವವರು ಜೋಡಿ ಪತ್ರ ಹಿಡಿಯಲು ಹಲವು ಕಾವಲು ಇಟ್ಟಿರುತ್ತಾರೆ. ಬೆಳಕಿನ ಕಿರಣ ಅಡ್ಡವಿಟ್ಟು ಉದ್ದ ಅಳೆಯುತ್ತಾರೆ. ಸ್ವಲ್ಪ ಸರಿದು ಅಂಟಿದ ಜೋಡಿ ಒಂಟಿ ಪತ್ರಕ್ಕಿಂತ ಉದ್ದವಾಗಿ ಕಾಣುತ್ತದೆ. ದಪ್ಪ ಅಳೆಯುತ್ತಾರೆ. ಶಬ್ದಾತೀತ ತರಂಗ ಹಾಯಿಸುತ್ತಾರೆ. ಎರಡು ಹಾಳೆಗಳ ನಡುವೆ ಸಿಕ್ಕಿದ ಗಾಳಿಯ ಪದರ ತರಂಗವನ್ನು ಕುಗ್ಗಿಸುತ್ತದೆ. ಎರಡೂ ಕಡೆಯಿಂದ ಗಾಳಿ ಹೀರಿ ಎಳೆದು ನೋಡುವ ವಿಧಾನವೂ ಇದೆ. ಒಂಟಿಯಾದರೆ ಹಾಗೇ ಇರುತ್ತದೆ, ಜೋಡಿಯಾದರೆ ಬಿಟ್ಟುಕೊಳ್ಳುತ್ತದೆ.

ಹೆಸರು ಬಂದದ್ದು ಓದಿದವರಿಗೆ

ಅಂಚೆ ಯಂತ್ರದ ಕತೆ ಹೇಳುವವರೆಲ್ಲ ಸಾಮಾನ್ಯವಾಗಿ ವಿಳಾಸ ಓದುವ ಕಂಪ್ಯೂಟರಿನ ಕತೆ ಹೇಳುತ್ತಾರೆ. ಅದೂ ದೊಡ್ಡ ಕತೆಯೇ. ಜಪಾನ್ 1968ರ ಜುಲೈ 1ರಂದು ಅಂಚೆ ಸಂಕೇತ ಜಾರಿಗೆ ತಂದಾಗ ಕೈಬರಹದ ಅಂಕಿ ಓದುವ ತೋಶಿಬಾ ಯಂತ್ರ ಸಿದ್ಧವಾಗಿತ್ತು. 1989ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯಾನ್ ಲೆಕುನ್ ಮತ್ತು ಸಂಗಡಿಗರು ನ್ಯೂರಲ್ ನೆಟ್‌ವರ್ಕ್ ಒಂದಕ್ಕೆ ಅಂಕಿ ಓದುವುದನ್ನು ಕಲಿಸಿದರು. ಅದರ ಪಾಠಕ್ಕೂ ಪರೀಕ್ಷೆಗೂ ಬಳಕೆಯಾದದ್ದು ಬಫಲೋ ಅಂಚೆ ಕಚೇರಿ ಹಾದುಹೋದ ಲಕೋಟೆಗಳ ಮೇಲೆ ಜನ ಕೈಯಲ್ಲಿ ಬರೆದಿದ್ದ 9,298 ಅಂಕಿಗಳು. ಇಂದು ನಮ್ಮ ಕಚೇರಿಗಳಲ್ಲಿ ಎಲ್ಲರ ಬಾಯಲ್ಲಿರುವ ಎಐಗೆ ಅಂಚೆಪೆಟ್ಟಿಗೆಯ ಋಣ ಸಾಕಷ್ಟಿದೆ.

ನಮ್ಮಲ್ಲೂ ಆ ದಾರಿಗೆ ಬುನಾದಿ ಹಾಕಿದ್ದು ಅಂಕಿಗಳೇ. 1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂತು. ರೂಪಿಸಿದವರು ಅಂಚೆ ಇಲಾಖೆಯ ಹಿರಿಯ ಅಧಿಕಾರಿ, ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ಒಂದೇ ಹೆಸರಿನ ಹತ್ತಾರು ಊರುಗಳು, ಹತ್ತಾರು ಲಿಪಿಗಳ ದೇಶಕ್ಕೆ ಆರು ಅಂಕಿ ಕೊಟ್ಟರು. ಕರ್ನಾಟಕದಲ್ಲಿ ಎಷ್ಟು ಹೊಸಹಳ್ಳಿಗಳಿವೆ ಎಂದು ಎಣಿಸಿದವರುಂಟೇ? ಮೊದಲ ಅಂಕಿ 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ವಲಯ, 4 ಎಂದರೆ ಮಹಾರಾಷ್ಟ್ರವಿರುವ ವಲಯ. 580 ಎಂದರೆ ಧಾರವಾಡದ ಕಡೆ, 400 ಎಂದರೆ ಮುಂಬಯಿ. ಅವ್ವ ಕನ್ನಡದಲ್ಲಿ ವಿಳಾಸ ಬರೆದರೂ ಪತ್ರ ಮುಂಬಯಿ ಮುಟ್ಟಲು ಈ ಆರು ಅಂಕಿಗಳ ಕೈ ಇದೆ.

ಆದರೆ ಓದಬೇಕಾದರೆ ಮೊದಲು ಪತ್ರ ಒಂದೊಂದಾಗಿ, ನೆಟ್ಟಗೆ, ಕ್ಯಾಮರಾದ ಎದುರಿಗೆ ಬರಬೇಕು. ಓದಲಾಗದ ಪತ್ರಕ್ಕೆ ದಾರಿ ಇದೆ. ಅದರ ಚಿತ್ರವನ್ನು ದೂರದ ಕೋಣೆಯಲ್ಲಿ ಕುಳಿತ ಮನುಷ್ಯರಿಗೆ ಕಳಿಸಿ ವಿಳಾಸ ಟೈಪ್ ಮಾಡಿಸಬಹುದು. ಅಮೆರಿಕದ ಅಂಚೆಯಲ್ಲಿ ಒಂದು ಕಾಲಕ್ಕೆ ಇಂಥ 55 ಕೇಂದ್ರಗಳಿದ್ದವು. ಯಂತ್ರದ ಓದು ಸುಧಾರಿಸಿದ ಹಾಗೆ ಅವುಗಳಲ್ಲಿ ಬಹುಪಾಲು ಒಂದೊಂದಾಗಿ ಮುಚ್ಚಿದವು. ಆದರೆ ಹಿಡಿಯಲಾಗದ ಪತ್ರವನ್ನು ತಂತಿಯ ಮೇಲೆ ಎಲ್ಲಿಗೂ ಕಳಿಸಲಾಗದು. ಅದಕ್ಕೆ ಅಲ್ಲೇ, ಯಂತ್ರದ ಪಕ್ಕದಲ್ಲೇ ಒಂದು ಕೈ ಬೇಕು.

ಒತ್ತಿ ಹಿಡಿದಾಗ

ಆ ಕೈಯ ಮಾತು ಬಂದಾಗ 2001ರ ಅಕ್ಟೋಬರ್ ನೆನಪಾಗದೆ ಇರುವುದಿಲ್ಲ.

ನಮ್ಮಲ್ಲಿ ಮಠದಿಂದಲೋ ದೇವಸ್ಥಾನದಿಂದಲೋ ಅಂಚೆಯಲ್ಲಿ ಪ್ರಸಾದ ಬರುವುದುಂಟಲ್ಲ? ಒಳಗೆ ಪೊಟ್ಟಣದಲ್ಲಿ ಕುಂಕುಮ, ಮಂತ್ರಾಕ್ಷತೆ. ಕೆಲವೊಮ್ಮೆ ಕವರು ಕೈಗೆ ಬರುವಷ್ಟರಲ್ಲಿ ಅಂಚಿನಲ್ಲಿ ಕೆಂಪು ಇಣುಕಿರುತ್ತದೆ. ಲಕೋಟೆಯೆಂದರೆ ಒಳಗೆ ಗಾಳಿಯಿರುವ ಚೀಲ. ಅದನ್ನು ಎರಡು ಬೆಲ್ಟುಗಳ ನಡುವೆ ಒತ್ತಿ ಹಿಡಿದು ಎಳೆದರೆ ಗಾಳಿ ಹೊರನುಗ್ಗುತ್ತದೆ, ಜೊತೆಗೆ ಪುಡಿಯೂ. ಕುಂಕುಮವಾದರೆ ಕಣ್ಣಿಗೊತ್ತಿಕೊಂಡು ಸುಮ್ಮನಾಗುತ್ತೇವೆ.

2001ರಲ್ಲಿ ಅಮೆರಿಕದಲ್ಲಿ ಯಾರೋ ಲಕೋಟೆಗಳಲ್ಲಿ ಆಂಥ್ರಾಕ್ಸ್ ರೋಗಾಣುವಿನ ಪುಡಿ ತುಂಬಿ ಕಳಿಸಿದರು. ಸೆನೆಟರ್ ಟಾಮ್ ಡ್ಯಾಶಲ್ ಹೆಸರಿಗೆ ಬಂದ ಪತ್ರವನ್ನು ಅಕ್ಟೋಬರ್ 15ರಂದು ಅವರ ಕಚೇರಿಯಲ್ಲಿ ತೆರೆದರು. ಅಲ್ಲಿದ್ದ ಸಿಬ್ಬಂದಿಗೆ ಕೂಡಲೇ ಪರೀಕ್ಷೆಯಾಯಿತು, ಆಂಟಿಬಯೋಟಿಕ್ ಸಿಕ್ಕಿತು. ಆದರೆ ಆ ಪತ್ರ ಅಲ್ಲಿಗೆ ಬರುವ ಮೊದಲು ವಾಷಿಂಗ್ಟನ್ನಿನ ಬ್ರೆಂಟ್‌ವುಡ್ ಅಂಚೆ ಕೇಂದ್ರದ ವಿಂಗಡಣಾ ಯಂತ್ರ ಹಾದುಬಂದಿತ್ತು. ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಕೆಲಸ ಮಾಡುತ್ತಿದ್ದರು. ಅಂಟಿಸಿ ಮುಚ್ಚಿದ ಲಕೋಟೆಯಿಂದ ಅಪಾಯವಿಲ್ಲ ಎಂಬುದು ಅಧಿಕಾರಿಗಳ ನಂಬಿಕೆಯಾಗಿತ್ತು. ಕೇಂದ್ರ ಮುಚ್ಚಿದ್ದು ಅಕ್ಟೋಬರ್ 21ರಂದು. ಅದೇ ದಿನ ಥಾಮಸ್ ಮಾರಿಸ್, ಮರುದಿನ ಜೋಸೆಫ್ ಕರ್ಸೀನ್ ತೀರಿಕೊಂಡರು. ಇಬ್ಬರೂ ಅಲ್ಲಿನ ನೌಕರರು. ಒಟ್ಟು 22 ಜನರಿಗೆ ಸೋಂಕು ತಗುಲಿ ಐವರು ಸತ್ತರು.

ಕಾರಣ ತಿಳಿದಾಗ ಅದು ಯಂತ್ರದ ಹಿಡಿತದಲ್ಲೇ ಇತ್ತು. ಆ ರೋಗಾಣುವಿನ ಬೀಜಕಣ ಒಂದು ಮೈಕ್ರಾನಿನ ಆಸುಪಾಸು. ಲಕೋಟೆಯ ಕಾಗದದ ಸೂಕ್ಷ್ಮ ರಂಧ್ರಗಳು ಅದಕ್ಕಿಂತ ಹಲವು ಪಟ್ಟು ದೊಡ್ಡವು. ಬೆಲ್ಟು, ರೋಲರುಗಳು ಪತ್ರವನ್ನು ಹಿಂಡಿದಾಗ ಪುಡಿ ಕಾಗದದ ಮೈಯಿಂದಲೇ ಹೊರಬಂತು. ಯಂತ್ರದ ದೂಳನ್ನು ಒತ್ತಡದ ಗಾಳಿ ಊದಿ ತೆಗೆಯುವ ಪದ್ಧತಿ ಅಲ್ಲಿತ್ತು. ಅದು ಪುಡಿಯನ್ನು ಇನ್ನಷ್ಟು ಹರಡಿತು. ಇನ್ನೊಬ್ಬ ಸೆನೆಟರ್ ಪ್ಯಾಟ್ರಿಕ್ ಲೇಹಿ ಅವರಿಗೆ ಬರೆದ ಪತ್ರದ್ದು ಬೇರೆ ಕತೆ. ಅದರ ಮೇಲಿನ ಸಂಕೇತ 20510. ಯಂತ್ರ ಅದನ್ನು 20520 ಎಂದು ಓದಿತು. ಪತ್ರ ಸೆನೆಟ್ಟಿಗೆ ಹೋಗದೆ ವಿದೇಶಾಂಗ ಇಲಾಖೆಯ ಅಂಚೆ ಕೋಣೆಗೆ ಹೋಯಿತು, ಅಲ್ಲಿನ ನೌಕರರೊಬ್ಬರು ಸಾವಿನ ಬಾಗಿಲು ತಟ್ಟಿ ಬಂದರು.

ಆಮೇಲೆ ಗಾಳಿ ಊದುವುದು ನಿಂತು ದೂಳು ಹೀರುವ ಪದ್ಧತಿ ಬಂತು. ಪತ್ರವನ್ನು ಮೊದಲು ಒತ್ತಿ ಹಿಡಿಯುವ ಜಾಗದಲ್ಲೇ ಗಾಳಿಯ ಮಾದರಿ ಹೀರಿ ಪರೀಕ್ಷಿಸುವ ಉಪಕರಣ ಕೂರಿಸಿದರು. ಬ್ರೆಂಟ್‌ವುಡ್ ಕೇಂದ್ರಕ್ಕೆ ಈಗ ಆ ಇಬ್ಬರು ನೌಕರರ ಹೆಸರಿದೆ.

ಈ ಕತೆಯಲ್ಲಿ ನನ್ನನ್ನು ಕಾಡುವುದು ಆ ಆರು ದಿನಗಳು. ಲಕೋಟೆಯನ್ನು ತೆರೆದವರಷ್ಟೇ ಅದನ್ನು ‘ಮುಟ್ಟಿದವರು’ ಎಂದು ಲೆಕ್ಕವಾಯಿತು. ಯಂತ್ರ ಅದನ್ನು ಹಿಂಡಿತ್ತು, ಯಂತ್ರದ ಪಕ್ಕದಲ್ಲಿ ಉಸಿರಾಡುವ ಮನುಷ್ಯರಿದ್ದರು ಎಂಬುದು ಲೆಕ್ಕಕ್ಕೆ ಬರಲಿಲ್ಲ. ಮೇಲಿನಿಂದ ನೋಡುವವರಿಗೆ ಪತ್ರವೆಂದರೆ ಒಂದು ವಿಳಾಸದಿಂದ ಇನ್ನೊಂದಕ್ಕೆ ಎಳೆದ ಗೆರೆ. ನಡುವೆ ರೋಲರ್, ದೂಳು, ಬೆರಳು ಇರುತ್ತವೆ ಎಂದು ನೆನಪಿಡುವವರು ಕಡಿಮೆ.

ನಾವು ಮಾಡಬಹುದಾದದ್ದು

ದೊಡ್ಡ ಮಾತು ಸಾಕು, ಉಪಯೋಗದ ಮಾತಿಗೆ ಬರೋಣ. ಈಗಲೂ ನಾವು ಲಗ್ನಪತ್ರಿಕೆ ಕಳಿಸುತ್ತೇವೆ, ರಾಖಿ ಕಳಿಸುತ್ತೇವೆ, ಊರಿನ ಕೋರ್ಟು ಕಚೇರಿಗಳಿಗೆ ಕಾಗದ ಕಳಿಸುತ್ತೇವೆ. ಪಿನ್ ಕೋಡನ್ನು ಬಿಡಿಬಿಡಿಯಾಗಿ, ಒಂದಕ್ಕೊಂದು ತಾಗದಂತೆ ಬರೆಯಿರಿ. 1 ಮತ್ತು 7, 4 ಮತ್ತು 9 ಗೊಂದಲವಾಗದಿರಲಿ. ಲಕೋಟೆಗೆ ಸ್ಟೇಪಲ್ ಹೊಡೆಯಬೇಡಿ, ಅಂಟಿನಿಂದ ಅಂಚಿನವರೆಗೂ ಮುಚ್ಚಿ. ಬಾಯಿಬಿಟ್ಟ ಮೂಲೆಯೇ ಯಂತ್ರದಲ್ಲಿ ಮೊದಲು ಸಿಕ್ಕಿಕೊಳ್ಳುವುದು. ನಾಣ್ಯ, ಕೀಲಿಕೈ, ದಪ್ಪ ಮಣಿಯ ರಾಖಿ ಸಾಮಾನ್ಯ ಲಕೋಟೆಯಲ್ಲಿ ಬೇಡ. ಒಂದು ಕಡೆ ಉಬ್ಬಿದ ಲಕೋಟೆ ರೋಲರಿಗೆ ಸಿಕ್ಕರೆ ಒಳಗಿನ ವಸ್ತು ಕಾಗದ ಸೀಳಿಕೊಂಡು ಹೊರಬರುತ್ತದೆ. ಕುಂಕುಮ, ಅಕ್ಷತೆ ಕಳಿಸುವುದಾದರೆ ಮೊದಲು ಚಿಕ್ಕ ಪ್ಲಾಸ್ಟಿಕ್ ಪೊಟ್ಟಣಕ್ಕೆ ಹಾಕಿ ಬಿಗಿಯಾಗಿ ಮುಚ್ಚಿ. ಲಗ್ನಪತ್ರಿಕೆಯ ಮೂಲೆಗೆ ಹಚ್ಚಿದ ಅರಿಶಿನ ಒಣಗಲಿ, ಆಮೇಲೆ ಲಕೋಟೆಗೆ ಹಾಕಿ. ಆಫೀಸಿನ ಪ್ರಿಂಟರ್ ಹಾಳೆ ಎಳೆಯದಿದ್ದರೆ ಹೊಸದು ತರಿಸುವ ಮೊದಲು ರೋಲರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ. ಅರ್ಧಕ್ಕರ್ಧ ರೋಗ ಅಷ್ಟರಲ್ಲೇ ವಾಸಿ.

ಕೊನೆಗೆ ನಮ್ಮ ಕಚೇರಿಯ ಮಾತೊಂದು. ಈ ವರ್ಷ ನಮ್ಮಲ್ಲಿ ಒಂದು ಲೆಕ್ಕ ನಡೆದಿದೆ. ಓದುವ ತಂತ್ರಾಂಶ ಬಹಳ ಸುಧಾರಿಸಿದೆ, ಹಾಗಾಗಿ ಸ್ಕ್ಯಾನಿಂಗ್ ಕೋಣೆಗೆ ನಾಲ್ವರ ಬದಲು ಇಬ್ಬರು ಸಾಲದೇ ಎಂದು. ಸ್ಲೈಡಿನಲ್ಲಿ ಓದಿನ ನಿಖರತೆಯ ಅಂಕಿ ಇದೆ. ಪಿನ್ನು ತೆಗೆದ, ಮೂಲೆ ನೆಟ್ಟಗೆ ಮಾಡಿದ, ಮೆತ್ತಿಕೊಂಡ ಎರಡು ಹಾಳೆ ಬಿಡಿಸಿದ ಹೊತ್ತಿಗೆ ಒಂದು ಕಾಲಮ್ಮೂ ಇಲ್ಲ. ಅಳೆಯದ ಕೆಲಸ ಕಾಗದದ ಮೇಲೆ ಕೆಲಸವೇ ಅಲ್ಲ. ಆ ಕಾಲಮ್ ಸೇರಿಸಬೇಕೆಂದು ಹೇಳಿದ್ದೇನೆ. ಎರಡು ವಾರ ಯಾರಾದರೂ ಗಡಿಯಾರ ಹಿಡಿದು ಕಾಕಾರ ಪಕ್ಕದಲ್ಲಿ ಕೂರಲಿ, ಆಮೇಲೆ ನಾಲ್ವರೋ ಇಬ್ಬರೋ ಮಾತಾಡೋಣ ಎಂದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ವಿಂಗಡಣಾ ಯಂತ್ರದ ಕೊನೆಯಲ್ಲಿ ಒಂದು ಗೂಡು ಇರುತ್ತದೆ. ಯಂತ್ರ ತನ್ನಿಂದಾಗದು ಎಂದ ಪತ್ರಗಳೆಲ್ಲ ಅಲ್ಲಿಗೆ ಬೀಳುತ್ತವೆ. ಗಡಗಡ ನಡುಗುವ ಕೈಬರಹದ್ದು, ಮಳೆಯಲ್ಲಿ ನೆನೆದದ್ದು, ಅಕ್ಷತೆಯಿಂದ ಉಬ್ಬಿದ್ದು, ಪಿನ್ ಇಲ್ಲದೆ ಬರೀ ‘ದೊಡ್ಡ ಆಲದ ಮರದ ಹತ್ತಿರ’ ಎಂದು ಬರೆದದ್ದು. ಅಂಥ ಪತ್ರ ಬರೆಯುವವರು ಯಾರೆಂದು ನಿಮಗೂ ಗೊತ್ತು, ನನಗೂ ಗೊತ್ತು. ಆ ಗೂಡಿನ ಮುಂದೆ ಒಬ್ಬರು ಕುಳಿತಿರುವವರೆಗೆ ಅವೂ ತಲುಪುತ್ತವೆ.